ಮರ್ಯಾದಸ್ಥರ ಕೆಮ್ಮು

ಅಪ್ಪಾ,

ಮೊನ್ನೆ ನಮ್ಮ ಲ್ಯಾಬಿಗೆ ಥೇಟ್ ನಿನ್ನಂಥವರೇ ಒಬ್ಬರು ಬಂದಿದ್ದರು. ನಿವೃತ್ತ ಮೇಷ್ಟ್ರು, ನ್ಯುಮೋನಿಯಾ, ಮೈ ಕೆಂಡದಂತೆ ಸುಡುತ್ತಿತ್ತು. ಕಫ ಕೊಡಿ ಎಂದು ಡಬ್ಬಿ ಕೊಟ್ಟರೆ, ಗೋಡೆಯ ಕಡೆ ತಿರುಗಿ, ಕರವಸ್ತ್ರ ಅಡ್ಡ ಹಿಡಿದು, ಸದ್ದಾಗದಂತೆ ಉಗುಳಿ, "ಕ್ಷಮಿಸಮ್ಮ" ಎಂದು ಮುಚ್ಚಿ ಕೊಟ್ಟರು. ನೋಡಿದರೆ ಬರೀ ಎಂಜಲು, ಎದೆಯೊಳಗಿನ ರೋಗಾಣು ಅದರಲ್ಲೆಲ್ಲಿ ಸಿಗಬೇಕು. ಅಂದು ನಾನು ಓಡೋಡಿ ಲ್ಯಾಬಿಗೆ ಒಯ್ದ ನಿನ್ನ ಡಬ್ಬಿಯಲ್ಲಿದ್ದದ್ದೂ ಅದೇ. 'ರೋಗಾಣು ಯಾವುದೂ ಬೆಳೆದಿಲ್ಲ' ಎಂಬ ವರದಿ ಬರುವಷ್ಟರಲ್ಲಿ ನಿನ್ನ ಮಂಚ ಖಾಲಿಯಾಗಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. "ಮೇಷ್ಟ್ರೇ, ಮರ್ಯಾದೆನೆಲ್ಲಾ ಆಚೆ ಬೆಂಚಿನ ಮೇಲಿಟ್ಟು ಬನ್ನಿ. ಎದೆಯಾಳದಿಂದ ಕೆಮ್ಮಿ, ಬೀದಿಗೆಲ್ಲಾ ಕೇಳ್ಲಿ!"

ಅವರ ಮಗಳು ಬೆನ್ನು ತಟ್ಟುತ್ತಾ, "ಕ್ಲಾಸಲ್ಲಿ ನಮಗೆ ಗದರ್ತಿದ್ರಲ್ಲ, ಹಾಗೇ ಅಪ್ಪಾ" ಎಂದಳು. ಮೇಷ್ಟ್ರಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಕಿತ್ತುಕೊಂಡು ಬಂತು. ಈ ಸಲ ಸರಿಯಾದ ಕಫ.

ನಮ್ಮಲ್ಲೀಗ ಹೊಸ ಯಂತ್ರವಿದೆಯಪ್ಪಾ. ರೋಗಾಣು ಬೆಳೆಯಲಿ ಎಂದು ದಿನಗಟ್ಟಲೆ ಕಾಯಬೇಕಿಲ್ಲ. ಕಫದಲ್ಲಿ ಅದರ ಜೀನಿನ ಗುರುತನ್ನೇ ಹುಡುಕಿ ಹೆಸರು ಹೇಳಿಬಿಡುತ್ತದೆ. ಮೇಷ್ಟ್ರ ಮಗಳು ಊಟ ಮುಗಿಸಿ ಬರುವಷ್ಟರಲ್ಲಿ ಹೆಸರು ಬಂದಿತ್ತು: ಲೀಜಿಯೊನೆಲ್ಲಾ. ಅಲ್ಲಿಯವರೆಗೆ ಕೊಡುತ್ತಿದ್ದ ಔಷಧಿಗೆ ಅದು ಜಗ್ಗುವ ಪೈಕಿಯೇ ಅಲ್ಲ. ಡಾಕ್ಟರು ಕೂಡಲೇ ಔಷಧಿ ಬದಲಿಸಿದರು.

ಇವತ್ತು ವಾರ್ಡಿನಿಂದ ನರ್ಸ್ ಫೋನು ಮಾಡಿದಳು. "ಮೇಡಂ, ನಿಮ್ಮ ಮೇಷ್ಟ್ರಿಗೆ ಜ್ವರ ಬಿಟ್ಟಿದೆ. ಆದ್ರೆ ಅದೇನು ಕಲಿಸಿ ಕಳಿಸಿದ್ರಿ? ವಾರ್ಡೇ ನಡುಗೋ ಹಾಗೆ ಕೆಮ್ತಾರೆ, ಪಕ್ಕದ ಬೆಡ್ಡಿನವರಿಗೂ ಪಾಠ ಶುರು ಮಾಡಿದಾರೆ!"

ಅವಳ ಮಾತಿನ ಹಿಂದೆ ಆ ಕೆಮ್ಮು ಕೇಳಿಸಿತು. ಅವಳು ಮಾತು ಮುಗಿಸಿದ ಮೇಲೂ ಫೋನು ಇಡಲು ನನಗೆ ಮನಸ್ಸಾಗಲಿಲ್ಲ, ಅಪ್ಪಾ.