ಆರಿದ್ದದ್ದು ಹದಿನಾಲ್ಕಾಯಿತು

ಮಾರ್ಚ್ ೧೧, ಬುಧವಾರ

ರೀ,

ಮನೆ ಬಿಟ್ಟು ಬಂದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನಿನಲ್ಲಾದರೆ ನಿಮ್ಮ ಮಾತಿಗೆ ಸೋತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನನ್ನನ್ನು ಅಮಾನತು ಮಾಡಿದರು. ಕಳೆದ ಗುರುವಾರ ಮಧ್ಯಾಹ್ನ ನನ್ನ ವಾರ್ಡಿನಲ್ಲಿ ಒಬ್ಬಳು ತೀರಿಕೊಂಡಳು. ಶಾಲೆಯ ವ್ಯಾನ್ ಓಡಿಸುತ್ತಿದ್ದ ಹೆಂಗಸು. ಹೊಟ್ಟೆಯ ಆಪರೇಷನ್ ಆಗಿ ಎರಡನೇ ದಿನ. ಬೆಳಿಗ್ಗೆ ನನ್ನ ಹತ್ತಿರ ಬಾಚಣಿಗೆ ಕೇಳಿ ತಲೆ ಬಾಚಿಕೊಂಡಿದ್ದಳು. ಒಳಗೊಳಗೇ ರಕ್ತ ಸೋರಿದೆ, ಕರೆಗಂಟೆ ಒತ್ತಿದ್ದಾಳೆ. ನಾನು ಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಆವತ್ತು ಹದಿನಾಲ್ಕು ರೋಗಿಗಳಿಗೆ ನಾನೊಬ್ಬಳೇ ನರ್ಸು.

ಈ ಹದಿನಾಲ್ಕು ಯಾರ ಲೆಕ್ಕ ಅಂತ ನಿಮಗೆ ಗೊತ್ತು.

ನೀವು ಮೊದಲ ಸಲ ಶಾಸಕರಾಗಿದ್ದಾಗ, ಡ್ಯೂಟಿ ಮುಗಿಸಿ ಬಂದ ನನ್ನ ಕಾಲು ಒತ್ತುತ್ತಾ, ಒಬ್ಬ ನರ್ಸು ಎಷ್ಟು ಜನರನ್ನು ಸರಿಯಾಗಿ ನೋಡಿಕೊಳ್ಳಬಹುದು ಅಂತ ಕೇಳಿದಿರಿ. ಆರು ಅಂದೆ. ಆ ಆರನ್ನೇ ನಿಮ್ಮ ಆಸ್ಪತ್ರೆ ಮಸೂದೆಯಲ್ಲಿ ಬರೆದಿರಿ. ಅಡುಗೆಮನೆಯ ಫ್ರಿಜ್ಜಿಗೆ ಕೈಮುಗಿದು ‘ಮಾನ್ಯ ಸಭಾಧ್ಯಕ್ಷರೇ’ ಎಂದು ಭಾಷಣ ಅಭ್ಯಾಸ ಮಾಡಿದಿರಿ. ಫ್ರಿಜ್ಜು ಗುರ್ ಅಂದಾಗಲೆಲ್ಲ, ವಿರೋಧ ಪಕ್ಷದವರು ಗಲಾಟೆ ಮಾಡ್ತಿದಾರೆ ಅಂತ ನಗಿಸಿದಿರಿ. ಮಸೂದೆ ಪಾಸಾದ ದಿನ ಗ್ಯಾಲರಿಯಲ್ಲಿ ಕೂತು ಅತ್ತಿದ್ದೆ.

ಆಮೇಲೆ ಚುನಾವಣೆ ಸೋತಿರಿ. ಮನೆ ತುಂಬ ಇರುತ್ತಿದ್ದ ಜನ ಆ ಕಡೆ ತಲೆ ಹಾಕಲಿಲ್ಲ. ಎಂಟು ತಿಂಗಳು ದಿನವೂ ಇಸ್ತ್ರಿ ಅಂಗಿ ಹಾಕಿಕೊಂಡು, ಎಲ್ಲಿಗೂ ಹೋಗದೆ ಕೂತಿದ್ದಿರಿ. ನೋಡಲಾಗಲಿಲ್ಲ. ಖಾಸಗಿ ಆಸ್ಪತ್ರೆಗಳ ಸಂಘದವರು ಕರೆದಾಗ, ಹೋಗಿ ಅಂದವಳೂ ನಾನೇ. ಸಲಹೆಗಾರ ಅಂದರೆ ಸಲಹೆ ಕೊಡುವ ಕೆಲಸ ಅಂದುಕೊಂಡಿದ್ದೆ. ಹಳೇ ಸ್ನೇಹಿತರ ಹೆಗಲ ಮೇಲೆ ಕೈಹಾಕಿ, ವಿಧಾನಸೌಧದ ಮೊಗಸಾಲೆಯಲ್ಲಿ ಒಬ್ಬೊಬ್ಬರನ್ನೇ ಲಾಬಿ ಮಾಡಿ ಒಪ್ಪಿಸಿ, ನಿಮ್ಮದೇ ಕಾನೂನಿನ ಆರನ್ನು ಹದಿನಾಲ್ಕು ಮಾಡಿಸುತ್ತೀರಿ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಯಾಕೆ ಅಂತ ಕೇಳಿದರೆ, ‘ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಿದ್ದ ಕಣೇ’ ಅಂದಿರಿ. ಆ ಇನ್ನೊಬ್ಬನಿಗೆ ನಾನು ಹೆಂಡತಿಯಲ್ಲ ಅಂತ ಹೇಳಿ ಹೊರಟುಬಂದೆ.

ವಿಚಾರಣೆಯಲ್ಲಿ, ಕಾನೂನಿನ ಪ್ರಕಾರ ಆಸ್ಪತ್ರೆಯದೇನೂ ತಪ್ಪಿಲ್ಲ, ನರ್ಸಿನದೇ ಅಂದರು. ತೀರಿಕೊಂಡವಳ ಗಂಡ ಮಾತ್ರ ನನ್ನ ಕೈ ಹಿಡಿದು, ನೀವೇನು ಮಾಡ್ತೀರಮ್ಮ, ಒಬ್ಬರೇ ಇದ್ರಿ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನನ್ನ ಪರವಾಗಿ ಯಾರಿಗೂ ಫೋನ್ ಮಾಡಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಡಿ.

ಇಂತಿ,
ನಿಮ್ಮ ಹೆಂಡತಿ

ವಿ.ಸೂ.: ವಿಚಾರಣೆಯಲ್ಲಿ ಹೇಳದೇ ಇದ್ದದ್ದು ಒಂದಿದೆ. ಆವತ್ತು ನೀವು ನಮ್ಮ ಆಸ್ಪತ್ರೆಗೆ ಮೀಟಿಂಗಿಗೆ ಬಂದಿದ್ದೀರಿ ಅಂತ ಕೌಂಟರಿನವರು ಹೇಳಿದರು. ನಿಮ್ಮನ್ನು ನೋಡಿ ಎರಡು ವರ್ಷವಾಗಿತ್ತು. ವಾರ್ಡು ಬಿಟ್ಟು ಕೆಳಗಿಳಿದು ಬಂದು, ಗಾಜಿನ ಬಾಗಿಲಾಚೆ ನಿಂತು, ಹತ್ತು ನಿಮಿಷ ನಿಮ್ಮನ್ನೇ ನೋಡುತ್ತಿದ್ದೆ. ತುಂಬ ಬಡವಾಗಿದ್ದೀರಿ. ಅವಳು ಗಂಟೆ ಒತ್ತಿದ್ದು ಆಗಲೇ. ನಾಳೆ ಅವಳ ಗಂಡನ ಹತ್ತಿರ ಹೋಗಿ ಇದನ್ನು ಹೇಳಬೇಕು.