ಶುಕ್ರವಾರದ ಟೇಪು

ಬಂಗಾರಪೇಟೆ, ಸೋಮವಾರ

ಕ್ಯಾಸಂಬಳ್ಳಿಯ ಮಂಗಮ್ಮಕ್ಕನಿಗೆ, ಹಾಲಿನ ಆಫೀಸಿನ ಸುಕನ್ಯಳ ನಮಸ್ಕಾರ.

ಕಂಪ್ಯೂಟರ್ ಕೆಟ್ಟರೂ ದಾಖಲೆ ಉಳಿಯಲೆಂದು ನಿಮ್ಮ ಯಜಮಾನರು, ನಮ್ಮ ಸೀನಪ್ಪ ಸಾರ್, ದಿನವೂ ಎಲ್ಲವನ್ನೂ ಟೇಪಿಗೆ ಇಳಿಸುತ್ತಿದ್ದರು. ಸಂಜೆ ಒಂದು ಟೇಪು ಬುತ್ತಿ ಚೀಲದಲ್ಲಿ ನಿಮ್ಮ ಮನೆಗೆ ಬರುತ್ತಿತ್ತು, ಬೆಳಿಗ್ಗೆ ವಾಪಸಾಗುತ್ತಿತ್ತು. ಶುಕ್ರವಾರ ಮಾತ್ರ ಸಾರ್ ಬರಿಗೈಯಲ್ಲಿ ಬಂದು, "ಸುಕ್ರವಾರ ಮನೇಲಿರೋದನ್ನ ಆಚೆ ಕೊಡಲ್ಲ ಅಂತಾಳೆ ಕಣಮ್ಮ, ಏನ್ಮಾಡ್ಲಿ" ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಆಮೇಲೆ ಒಂದು ಶುಕ್ರವಾರ ಮಧ್ಯಾಹ್ನ ವೈರಿಂಗ್ ಸುಟ್ಟು ಕಂಪ್ಯೂಟರ್ ಕೋಣೆಯೇ ಬೂದಿಯಾಯಿತು. ಉಳಿದದ್ದು ನಿಮ್ಮ ದೇವರ ಗೂಡಿನಲ್ಲಿದ್ದ ಟೇಪು ಒಂದೇ.

ಈಗ ಟೇಪಿನ ಕಾಲ ಮುಗಿಯಿತು. ಹಳೆಯವನ್ನೆಲ್ಲ ತರಿಸಿ ನಾಶ ಮಾಡಬೇಕೆಂದು ಹೊಸ ಮ್ಯಾನೇಜರ್ ಹೇಳಿದ್ದಾರೆ. ಸಾರ್ ತೀರಿಕೊಂಡ ವಾರ ನಿಮ್ಮಲ್ಲೇ ಉಳಿದ ಟೇಪೂ ಪಟ್ಟಿಯಲ್ಲಿದೆ. ಹೋದ ಸಲ ಬಂದಾಗ ನೋಡಿದ್ದೆ, ಅದರ ಮೇಲೆ ಅವರ ದುಂಡು ಅಕ್ಷರ, ಪಕ್ಕದಲ್ಲಿ ನೀವಿಟ್ಟ ಕುಂಕುಮ.

ಬಂದು ಕೇಳುವುದು ನನ್ನ ಕೆಲಸ. ಮನೆಯವರು ಕೊಡಲಿಲ್ಲವೆಂದರೆ ಹಾಗೆಂದೇ ಬರೆದುಕೊಂಡು ಹೋಗುತ್ತೇನೆ. ಈ ವಾರ ಯಾವ ದಿನವಾದರೂ ಹೋಗಿ ಬನ್ನಿ ಎಂದಿದ್ದಾರೆ.

ನಾನು ಶುಕ್ರವಾರ ಬರುತ್ತೇನೆ, ಅಕ್ಕ.

ಇಂತಿ,
ಸುಕನ್ಯ