ಬೆಂತೋಟದಲ್ಲಿ ನನ್ನ ಅರವತ್ತನೆಯ ಹುಟ್ಟುಹಬ್ಬ

ಮಹರಗಮ
3 ಮಾರ್ಚ್ 2024

ಪ್ರೀತಿಯ ಸಿರಿಯಾ ಅಕ್ಕನಿಗೆ,

ನಿನ್ನ ತಂಗಿ ನಂದಾವತಿಯ ನಮಸ್ಕಾರಗಳು. ಮೊಣಕಾಲು ಈಗ ಹೇಗಿದೆ? ಮತುಗಮದ ವೈದ್ಯರು ಕೊಟ್ಟ ಎಣ್ಣೆಯನ್ನು ಬಿಡದೆ ಹಚ್ಚುತ್ತಿದ್ದೀಯ ತಾನೆ? ರಬ್ಬರ್ ಮರಗಳ ನಡುವಿನ ಆ ಇಳಿಜಾರಿನಲ್ಲಿ ಒಬ್ಬಳೇ ಓಡಾಡಬೇಡ.

ನೀನು ಕಳಿಸಿದ ಹುಟ್ಟುಹಬ್ಬದ ಕಾರ್ಡು ಬಂದು ಬಹಳ ದಿನಗಳಾದವು. ಉತ್ತರ ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ ಅಕ್ಕಾ. ಬರೆಯಲು ಕೂತು ಕೂತು ಎದ್ದೆ. ಫೋನ್ ಮಾಡೋಣವೆಂದರೆ ನಿನ್ನ ಕಿವಿಗೆ ಕೇಳಿಸುವಂತೆ ಕೂಗಬೇಕು. ಕೂಗಿ ಹೇಳುವ ಮಾತಲ್ಲ ಇದು. ಕನ್ನಡಕ ಹಾಕಿಕೊಂಡು ನೀನೇ ಓದು, ಸೊಸೆಯ ಕೈಯಲ್ಲಿ ಓದಿಸಬೇಡ.

ಮೊದಲು ಸಂತೋಷದ ವಿಷಯ ಹೇಳುತ್ತೇನೆ. ನನಗೆ ಅರವತ್ತು ತುಂಬಿತು. ತಿಲಿನಿ ಒಂದು ವಾರ ಮೊದಲೇ ಹೇಳಿದಳು, "ಅಮ್ಮ, ಈ ಸಲ ಮನೇಲಿ ನೀನು ಒಲೆ ಹಚ್ಚೋ ಹಾಗಿಲ್ಲ. ಬೆಂತೋಟಕ್ಕೆ ಹೋಗ್ತಿದೀವಿ. ಸಮುದ್ರದ ಪಕ್ಕದಲ್ಲೇ ರೆಸಾರ್ಟು. ನೀನು ಬರೀ ತಿನ್ನು, ಮಲಗು, ಸಮುದ್ರ ನೋಡು."

"ಅಷ್ಟೆಲ್ಲ ಯಾಕೆ ಮಗಳೇ, ದೇವಸ್ಥಾನಕ್ಕೆ ಹೋಗಿ ದೀಪ ಹಚ್ಚಿ ಬಂದ್ರಾಯ್ತು," ಎಂದೆ.

"ನೀನು ಸುಮ್ನಿರು. ನಿನ್ನ ಜೀವಮಾನದಲ್ಲಿ ಒಂದು ದಿನಾನಾದ್ರೂ ರಜ ತಗೊಂಡಿದೀಯಾ?" ಎಂದಳು.

ಅದೂ ನಿಜವೇ. ಕುವೈತಿನಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮನೆಗಳಲ್ಲಿ ಕೆಲಸಕ್ಕಿದ್ದಾಗ ಶುಕ್ರವಾರವೇ ಎಲ್ಲಕ್ಕಿಂತ ಕಷ್ಟದ ದಿನ. ನೆಂಟರೆಲ್ಲ ಊಟಕ್ಕೆ ಬಂದು ತುಂಬಿಕೊಳ್ಳುತ್ತಿದ್ದರು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತ ಗೋಡೆಯಾಚೆಯಿಂದ ನೀನು ಹೇಳುತ್ತಿದ್ದೆಯಲ್ಲ, "ಒಂದಿನ ನಾವೂ ಕಾಲು ಚಾಚಿ ಕೂತು ಬೇರೆಯವರ ಕೈಲಿ ಟೀ ತರಿಸ್ಕೊಂಡು ಕುಡೀಬೇಕು ಕಣೇ ನಂದಾ" ಎಂದು. ಆ ದಿನ ಬಂತು ಅಕ್ಕಾ. ಬಂದಾಗ ನನಗೆ ಹೇಗೆ ಕೂರಬೇಕೆಂದೇ ತಿಳಿಯಲಿಲ್ಲ.

ವ್ಯಾನಿನಲ್ಲಿ ಹೊರಟೆವು. ತಿಲಿನಿ, ಅಳಿಯ ಲಹಿರು, ಮೊಮ್ಮಗಳು ಸೆನುಲಿ, ಜೊತೆಗೆ ಬೀಗಿತ್ತಿ ಮಾಲಿನಿ ಟೀಚರ್. ಅವರು ಬರುತ್ತಾರೆಂದು ಕೇಳಿ ನನಗೆ ಒಳಗೊಳಗೇ ಅಳುಕಿತ್ತು. ಓದಿದವರು, ಶಾಲೆಯ ಮುಖ್ಯಸ್ಥರಾಗಿ ನಿವೃತ್ತರಾದವರು. ಆದರೆ ಪಾಪ, ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ಕೂತು ಚಪ್ಪಾಳೆ ತಟ್ಟುತ್ತ ಕುಣಿಸುವ ಬೈಲಾ ಹಾಡುಗಳನ್ನು ಹಾಡಿದರು. ಲಹಿರು ಸ್ಟಿಯರಿಂಗ್ ಮೇಲೆ ತಾಳ ಹಾಕಿದ. ಕಳುತರದ ಬೋಧಿವೃಕ್ಷದ ಹತ್ತಿರ ಎಲ್ಲರೂ ಇಳಿದು ಹುಂಡಿಗೆ ಕಾಸು ಹಾಕಿ ಕೈಮುಗಿದೆವು. ನಿನ್ನ ಹೆಸರಿನಲ್ಲೂ ಒಂದು ಹಾಕಿದೆ.

ರೆಸಾರ್ಟಿನಲ್ಲಿ ನನಗೂ ಸೆನುಲಿಗೂ ಒಂದು ಕೋಣೆ. ಹಾಸಿಗೆಯ ಮೇಲೆ ಟವೆಲನ್ನು ಹಂಸದ ಹಾಗೆ ಮಡಿಸಿಟ್ಟು ಸುತ್ತ ದಾಸವಾಳದ ಎಸಳು ಉದುರಿಸಿದ್ದರು. ಅದನ್ನು ಕೆಡಿಸಲು ಮನಸ್ಸಾಗದೆ ಕುರ್ಚಿಯ ತುದಿಯಲ್ಲಿ ಕೂತೆ. ಸಂಜೆ ತಿಲಿನಿ ನನ್ನನ್ನು ನೀರಿಗೆ ಎಳೆದುಕೊಂಡು ಹೋದಳು. ಮಾಘದ ಸಮುದ್ರ, ಮಗುವಿನಷ್ಟು ಸಾಧುವಾಗಿತ್ತು. ಆದರೂ ಅಲೆ ಬಂದಾಗಲೆಲ್ಲ ನಾನು ಕಿರುಚುತ್ತಿದ್ದೆ. "ನಾನು ಹಿಡ್ಕೊಂಡಿದೀನಲ್ಲ ಅಮ್ಮ, ಬಿಡಲ್ಲ," ಎಂದು ನಕ್ಕಳು. ನಾನು ಕುವೈತಿಗೆ ಹೊರಟಾಗ ಅವಳು ನಾಲ್ಕು ವರ್ಷದ ಕೂಸು. ಅವಳ ಬಾಲ್ಯದಲ್ಲಿ ನಾವಿಬ್ಬರೂ ಒಟ್ಟಿಗೆ ನೀರಿಗಿಳಿದ ನೆನಪೇ ನನಗಿಲ್ಲ. ಆ ಸಂಜೆ ಎಷ್ಟು ಹಿತವಾಗಿತ್ತೆಂದು ಹೇಗೆ ಬರೆಯಲಿ!

ಮರುದಿನ ನನ್ನ ಹುಟ್ಟುಹಬ್ಬ. ಅಭ್ಯಾಸ ಬಿಡುತ್ತದೆಯೇ? ಬೆಳಕು ಹರಿಯುವ ಮೊದಲೇ ಎದ್ದು ಹಾಸಿಗೆ ಸರಿಮಾಡಿ, ಹೊದಿಕೆಯ ಮೂಲೆಗಳನ್ನು ಎಳೆದು ಕಟ್ಟಿ, ಸ್ನಾನದ ಮನೆ ಉಜ್ಜಿ ತೊಳೆದು, ಕನ್ನಡಿ ಒರೆಸಿ, ಕಸದ ಬುಟ್ಟಿಯನ್ನು ಬಾಗಿಲಾಚೆ ಇಟ್ಟೆ. ಕೋಣೆ ಶುಚಿ ಮಾಡುವ ಹುಡುಗಿ ಬಂದವಳು ನೋಡಿ ಗಾಬರಿಯಾದಳು.

"ಅಯ್ಯೋ ಅಮ್ಮ, ಇದೇನು ಮಾಡಿಬಿಟ್ರಿ? ನಮ್ಮ ಮೇಲಿನವರು ನೋಡಿದ್ರೆ ನಾನು ಕೆಲಸ ಕದೀತೀನಿ ಅಂತ ಬಯ್ತಾರೆ."

"ಇಲ್ಲ ಮಗಳೇ, ಕೈ ಸುಮ್ನಿರಲಿಲ್ಲ, ಅದಕ್ಕೇ," ಎಂದೆ. ಆಮೇಲೆ ಅವಳ ಸಮಾಧಾನಕ್ಕೆ ನಾನೇ ಹಾಸಿಗೆಯನ್ನು ಮತ್ತೆ ಕೆದರಿಟ್ಟೆ. ಇಬ್ಬರೂ ನಕ್ಕೆವು. ಆದರೆ ಬಾಗಿಲಲ್ಲಿ ತಿಲಿನಿ ನಿಂತಿದ್ದಳು. ಅವಳು ನಗಲಿಲ್ಲ.

ಬೆಳಿಗ್ಗೆ ಕಿರಿಬತ್ ಮಾಡಿಸಿದ್ದಳು. ಬಾಳೆಯೆಲೆಯ ಮೇಲೆ ವಜ್ರದಾಕಾರಕ್ಕೆ ಕತ್ತರಿಸಿದ ಬಿಳಿ ಹಾಲನ್ನ, ಪಕ್ಕದಲ್ಲಿ ಕೆಂಪು ಮೆಣಸಿನ ಚಟ್ನಿ. ಎಲ್ಲರೂ ಒಂದೊಂದು ತುತ್ತು ನನ್ನ ಬಾಯಿಗಿಟ್ಟರು. ಆಮೇಲೆ ನನಗೆ ಎಣ್ಣೆ ಮಾಲೀಶು ಎಂದು ಕಳಿಸಿದರು. ಅಲ್ಲಿನ ಹುಡುಗಿ ನನ್ನ ಪಾದ ಹಿಡಿದುಕೊಂಡಳು ನೋಡು, ನಾನು ಕಾಲನ್ನು ಸರಕ್ಕನೆ ಎಳೆದುಕೊಂಡೆ. ಹಿಮ್ಮಡಿಯ ತುಂಬ ಬಿರುಕು. ಬೇರೆಯವರ ಮನೆಯ ಮಕ್ಕಳ ಕಾಲನ್ನು ಎಷ್ಟು ಒತ್ತಿದ್ದೇನೆ, ನನ್ನ ಕಾಲನ್ನು ಯಾರು ಮುಟ್ಟಿದ್ದರು ಹೇಳು? "ಸಾಕು ಮಗಳೇ, ನಿನ್ನ ಕೈ ನೋಯುತ್ತೆ," ಎನ್ನುತ್ತಲೇ ಇದ್ದೆ. "ನಿಮ್ಮ ಮಗಳು ಪೂರ್ತಿ ಮಾಡು ಅಂದಿದಾರೆ, ಅರ್ಧಕ್ಕೆ ಬಿಟ್ರೆ ನನ್ನ ಕೆಲಸ ಹೋಗುತ್ತೆ. ನನಗೋಸ್ಕರ ಮಲಗಿ ಅಮ್ಮ," ಎಂದಳು. ಅವಳಿಗೋಸ್ಕರ ಮಲಗಿದೆ.

ಮಧ್ಯಾಹ್ನ ಆದದ್ದನ್ನು ಈಗ ನೆನೆದರೂ ಮೈ ಕುಗ್ಗುತ್ತದೆ. ಈಜುಕೊಳದ ಪಕ್ಕ ಸೆನುಲಿಯ ಟವೆಲ್ ಹಿಡಿದು ನಿಂತಿದ್ದೆ. ಕೂರಿ ಎಂದು ಮಾಲಿನಿ ಟೀಚರ್ ಕುರ್ಚಿ ತೋರಿಸಿದ್ದರು, ಆದರೆ ಮಗು ನೀರಿನಲ್ಲಿರುವಾಗ ನನಗೆ ಕೂರಲಾಗುವುದಿಲ್ಲ. ಆಗ ಕೊಲಂಬೊ ಕಡೆಯ ಒಬ್ಬ ಹೆಂಗಸು ಬಂದು, ತನ್ನ ಒದ್ದೆ ಟವೆಲುಗಳನ್ನು ನನ್ನ ತೋಳಿನ ಮೇಲೆ ಹಾಕಿ, ಕೈಗೆ ಹಾಲಿನ ಸೀಸೆ ಕೊಟ್ಟು, "ಇದನ್ನ ಸ್ವಲ್ಪ ಬೆಚ್ಚಗೆ ಮಾಡ್ಕೊಂಡು ಬಾ," ಎಂದಳು.

ನಾನು ಇಲ್ಲಿನ ಕೆಲಸದವಳಲ್ಲ ಎನ್ನಬೇಕಿತ್ತು. ಬಾಯಿಂದ ಬಂದದ್ದು, "ಆಯ್ತು ಮೇಡಂ." ಕಾಲು ತಾನಾಗಿ ಅಡುಗೆಮನೆ ಹುಡುಕಿಕೊಂಡು ಹೊರಟಿತು. ಹಾಲನ್ನು ಬಿಸಿನೀರಿನಲ್ಲಿಟ್ಟು, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ತಂದುಕೊಟ್ಟೆ. ಅಲ್ಲಿಯವರೆಗೆ ನನಗೆ ಏನೂ ಅನಿಸಿರಲಿಲ್ಲ ಅಕ್ಕಾ. ತಿರುಗಿ ನೋಡಿದರೆ ಮಾಲಿನಿ ಟೀಚರ್ ತಲೆ ತಗ್ಗಿಸಿ ಪತ್ರಿಕೆ ಓದುವವರಂತೆ ಕೂತಿದ್ದರು. ಲಹಿರು ನೋಡದವನಂತೆ ನೀರಿನಲ್ಲಿ ಮುಳುಗು ಹಾಕಿದ. ತಿಲಿನಿಯ ಮುಖ ಕೆಂಪಾಗಿತ್ತು. ಆಗ ಗೊತ್ತಾಯಿತು ನಾನೇನು ಮಾಡಿದೆನೆಂದು. ಮುಖ ಎಲ್ಲಿಡಲಿ ಎನ್ನುವಂತಾಯಿತು.

ತಿಲಿನಿ ನನ್ನ ಹಿಂದೆಯೇ ಕೋಣೆಗೆ ಬಂದು ಬಾಗಿಲು ಹಾಕಿದಳು. "ಎರಡೇ ಎರಡು ದಿನ ಸುಮ್ನೆ ಕೂತ್ಕೊಳ್ಳೋಕೆ ಆಗಲ್ವಾ ಅಮ್ಮ? ನಾನು ಯಾರೋ ನಿನ್ನ ಮೇಲೆ ದರ್ಬಾರು ಮಾಡ್ಲಿ ಅಂತ ಕರ್ಕೊಂಡು ಬಂದ್ನಾ? ಅತ್ತೆ ಮುಂದೆ ನನ್ನ ಮಾನ ಏನಾಗ್ಬೇಕು?"

"ತಪ್ಪಾಯ್ತು ಮಗಳೇ."

"ತಪ್ಪಾಯ್ತು ಅನ್ಬೇಡ! ಅದನ್ನೇ ಅನ್ಬೇಡ ಅಂತಿರೋದು ನಾನು!" ಎಂದು ಅತ್ತುಬಿಟ್ಟಳು.

ಅವಳದೇನು ತಪ್ಪು? ಅವಳು ನನ್ನನ್ನು ಮೆರೆಸಬೇಕೆಂದು ತಂದಳು. ನಾನು ಸೇವಕಿಯ ಬಾಗಿದ ಬೆನ್ನನ್ನು ಹೊತ್ತುಕೊಂಡೇ ಬಂದೆ. ಮಗಳ ಉಡುಗೊರೆಯನ್ನು ತೆಗೆದುಕೊಳ್ಳಲೂ ಬಾರದವಳಾದೆನಲ್ಲ ಎಂಬ ನಾಚಿಕೆ ಇನ್ನೂ ಆರಿಲ್ಲ.

ರಾತ್ರಿಯ ಊಟಕ್ಕೆ ಅವಳು ಕೊಡಿಸಿದ ನೀಲಿ ಸೀರೆ ಉಟ್ಟೆ. ಕೆಲಸದ ಹುಡುಗರು ಸಣ್ಣ ಡೋಲು ಬಡಿಯುತ್ತ, ಹಾಡುತ್ತ, ಕೇಕ್ ತಂದರು. ಅವರು ಹತ್ತಿರ ಬಂದದ್ದೇ ತಡ ನಾನು ಧಡಕ್ಕನೆ ಎದ್ದು ನಿಂತೆ. ಮಾಲಿನಿ ಟೀಚರ್ ನನ್ನ ಸೆರಗು ಹಿಡಿದು ಎಳೆದು, "ಕೂತ್ಕೊಳ್ಳಿ ನಂದಾ, ಇವತ್ತು ನೀವೇ ರಾಣಿ. ರಾಣಿ ಎದ್ದು ನಿಂತ್ರೆ ನಾವೆಲ್ಲ ನೆಲದ ಮೇಲೆ ಕೂರ್ಬೇಕಾಗುತ್ತೆ," ಎಂದರು. ಎಲ್ಲರೂ ನಕ್ಕರು, ತಿಲಿನಿಯೂ ನಕ್ಕಳು. ಮಧ್ಯಾಹ್ನದ ಮಾತನ್ನು ಬೀಗಿತ್ತಿ ಎತ್ತಲೇ ಇಲ್ಲ. ಅವರ ಮೇಲೆ ನನಗಿದ್ದ ಭಯವೆಲ್ಲ ಆ ಹೊತ್ತಿಗೆ ಕರಗಿತು. ಕೇಕಿನ ಮೊದಲ ತುಂಡನ್ನು ಸೆನುಲಿಗೆ ತಿನ್ನಿಸಿದೆ. ಅವಳು ಮೂಗಿಗೆಲ್ಲ ಬೆಣ್ಣೆ ಬಳಿದುಕೊಂಡು, "ಅಜ್ಜಿಗೆ ಅರವತ್ತು!" ಎಂದು ಪಕ್ಕದ ಮೇಜಿನವರಿಗೂ ಸಾರಿಬಂದಳು.

ಮಾರನೆಯ ದಿನ ಹಿಂದಿರುಗಿದೆವು. ಎಲ್ಲರೂ ಕೆಲಸಕ್ಕೆ ಹೋಗುತ್ತಿದ್ದಾರೆ. ನಾನು ಎಂದಿನಂತೆ ಸೆನುಲಿಯನ್ನು ಶಾಲೆಗೆ ಬಿಡುತ್ತೇನೆ, ಕರೆತರುತ್ತೇನೆ, ಅಡುಗೆ ಮಾಡುತ್ತೇನೆ. ಅವಳು ಹುಟ್ಟಿದ ವರ್ಷ ಊರಿನ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದವಳು ನಾನು. ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಆದರೂ ಏಪ್ರಿಲಿನ ಹೊಸ ವರ್ಷ ಕಳೆದ ಮೇಲೆ, ಸೆನುಲಿಯ ರಜೆಯಲ್ಲಿ, ಸ್ವಲ್ಪ ದಿನ ನಿನ್ನ ಹತ್ತಿರ ಬಂದು ಇರಲೇ ಅಕ್ಕಾ? ಬಾ ಎಂದು ಒಂದು ಸಾಲು ಬರೆದರೆ ಸಾಕು.

ಬುದ್ಧ, ಧರ್ಮ, ಸಂಘ ಮೂರೂ ನಿನ್ನನ್ನು ಕಾಯಲಿ. ನಿನ್ನ ಮೊಮ್ಮಕ್ಕಳು ಓದಿ ದೊಡ್ಡವರಾಗಲಿ, ಯಾರೂ ಮನೆ ಬಿಟ್ಟು ದೂರ ದೇಶಕ್ಕೆ ದುಡಿಯಲು ಹೋಗುವಂತಾಗದಿರಲಿ. ಸೊಸೆಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ತಂಗಿ,
ನಂದಾವತಿ

ತಾ.ಕ.: ಲಕೋಟೆ ಅಂಟಿಸಲು ಹೋದವಳು ಮತ್ತೆ ಕೂತಿದ್ದೇನೆ. ಹೇಳದೆ ಇದ್ದರೆ ಈ ಕಾಗದ ಬರೆದೂ ಉಪಯೋಗವಿಲ್ಲ.

ಹೊರಡುವ ದಿನ ಬೆಳಗಿನ ತಿಂಡಿಯ ಹೊತ್ತು. ಲಹಿರುವೂ ಬೀಗಿತ್ತಿಯೂ ವ್ಯಾನಿಗೆ ಸಾಮಾನು ತುಂಬಿಸಲು ಹೋಗಿದ್ದರು. ಮೇಜಿನಲ್ಲಿ ನಾವು ಮೂವರೇ. ನಾನು ಶಾವಿಗೆಗೆ ಸಾರು ಕಲಸಿ ಸೆನುಲಿಗೆ ತಿನ್ನಿಸುತ್ತಿದ್ದೆ. ಆಗ ತಿಲಿನಿ ಕೆಲಸ ಮಾಡುವ ಬ್ಯಾಂಕಿನ ದೊಡ್ಡ ಅಧಿಕಾರಿ ಮತ್ತು ಅವರ ಹೆಂಡತಿ, ಅವರೂ ಅಲ್ಲೇ ಇಳಿದುಕೊಂಡಿದ್ದರಂತೆ, ಮಾತಾಡಿಸಲು ಬಂದರು. ತಿಲಿನಿ ತಟ್ಟನೆ ಎದ್ದು ನಿಂತಳು. ಇಂಗ್ಲಿಷಿನಲ್ಲಿ ಮಾತು ಸಾಗಿತು. ನಾನು ಹಿಂದಿನ ದಿನದ್ದನ್ನು ನೆನೆದು, ಈ ಸಲ ಏನೂ ಎಡವಟ್ಟು ಮಾಡಬಾರದೆಂದು ತಲೆ ತಗ್ಗಿಸಿ ತಿನ್ನಿಸುತ್ತಲೇ ಇದ್ದೆ. ಆ ಹೆಂಗಸು ನನ್ನ ಕಡೆ ನೋಡಿ, "ಇವರು ಯಾರು?" ಎಂದು ಕೇಳಿದರು.

ತಿಲಿನಿ ಇಂಗ್ಲಿಷಿನಲ್ಲೇ ಹೇಳಿದಳು, "ಮಗೂನ ನೋಡ್ಕೊಳ್ಳೋಕೆ ಇಟ್ಕೊಂಡಿರೋರು."

ಅಮ್ಮನಿಗೆ ಅರ್ಥವಾಗುವುದಿಲ್ಲ ಎಂದುಕೊಂಡಳು ಪಾಪ. ಕುವೈತಿನ ಆ ಮನೆಯಲ್ಲಿ ನನ್ನ ಬಗ್ಗೆ ಅದೇ ಮಾತನ್ನು ಎಷ್ಟು ಜನ ಅತಿಥಿಗಳಿಗೆ ಹೇಳಿರಲಿಲ್ಲ! ನನಗೆ ಬರುವ ಇಂಗ್ಲಿಷಿನಲ್ಲಿ ನಾನು ಮೊಟ್ಟಮೊದಲು ಕಲಿತದ್ದೇ ಅದು. ಆಗ ಎಂದೂ ಅದು ಚುಚ್ಚಿರಲಿಲ್ಲ, ನಿಜ ತಾನೆ ಎಂದುಕೊಳ್ಳುತ್ತಿದ್ದೆ.

ಸೆನುಲಿ ಇಂಗ್ಲಿಷ್ ಶಾಲೆಗೆ ಹೋಗುವ ಮಗು. ಅವಳು ಅಮ್ಮನ ಮುಖವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದಳು. ನಾನು ಕೈಯಲ್ಲಿದ್ದ ತುತ್ತನ್ನು ಆ ಬಾಯಿಗೆ ತುರುಕಿಬಿಟ್ಟೆ. ಅವಳು ಕೆಮ್ಮಿದಳು. ನೀರು ಕುಡಿಸುವ ನೆಪದಲ್ಲಿ ಎತ್ತಿಕೊಂಡು ಆಚೆ ಹೋದೆ. ತಿಲಿನಿ ಕರೆಯಲಿಲ್ಲ.

ನನಗೆ ಗೊತ್ತಾಗಿದೆ ಎಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ. ಅಂದಿನಿಂದ ಅವಳು ನನ್ನ ಮೇಲೆ ಒಂದು ಮಾತೂ ರೇಗಿಲ್ಲ. ದಿನವೂ ಆಫೀಸಿನಿಂದ ಬರುವಾಗ ನನಗೆಂದು ಏನಾದರೊಂದು ತಿಂಡಿ ತರುತ್ತಾಳೆ, ಆದರೆ ಕಣ್ಣಿಗೆ ಕಣ್ಣು ಕೊಡುವುದಿಲ್ಲ. ನಾನೂ ಕೊಡುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ನಾಚಿಕೊಂಡು ಓಡಾಡುತ್ತಿದ್ದೇವೆ.

ಮೊನ್ನೆ ಶಾಲೆಯಿಂದ ಕರೆತರುವಾಗ ಸೆನುಲಿ ದಾರಿಯಲ್ಲಿ ನಿಂತುಬಿಟ್ಟಳು. "ಅಜ್ಜಿ, ನಿಂಗೆ ಗೊತ್ತಾ, ಅವತ್ತು ಹೋಟೆಲಲ್ಲಿ ಆ ಆಂಟಿಗೆ ನಾನು ಹೇಳ್ತಿದ್ದೆ, ಇವ್ರು ನಮ್ಮ ಅಜ್ಜಿ, ಹುಟ್ಟುಹಬ್ಬಕ್ಕೆ ಬಂದಿದೀವಿ ಅಂತ," ಎಂದಳು. ಆಮೇಲೆ ಮುಖ ಊದಿಸಿಕೊಂಡು, "ನೀನು ಹೇಳೋಕೆ ಬಿಡ್ಲೇ ಇಲ್ಲ," ಎಂದಳು.